ಮಗಳ ವಿದ್ಯುತ್ ಪಾಠ, ಉಮ್ಮನ ಅಡುಗೆಮನೆ

ಎಸೆಸೆಲ್ಸಿ ವಿಜ್ಞಾನ ಪುಸ್ತಕದಲ್ಲಿ ವಿದ್ಯುತ್ತಿನ ಬಗ್ಗೆ ಎರಡು ಪಾಠಗಳಿವೆ. ಒಂದರ ಹೆಸರು ‘ವಿದ್ಯುಚ್ಛಕ್ತಿ’, ಇನ್ನೊಂದರದು ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’. ಶಾಲೆಯಲ್ಲಿ ಈ ಪಾಠಗಳು ಶುರುವಾದರೆ ಮನೆಯಲ್ಲಿ ಒಂದು ಮಾತು ಕೇಳಿಬರುತ್ತದೆ: “ಉಮ್ಮಾ, ಇದು ನನ್ನ ತಲೆಗೆ ಹತ್ತುವುದೇ ಇಲ್ಲ.” ಉಮ್ಮನ ಉತ್ತರವೂ ಸಿದ್ಧವಾಗಿರುತ್ತದೆ: “ನನಗೆಲ್ಲಿ ಗೊತ್ತು ಮಗಳೇ, ಟ್ಯೂಷನ್ ಟೀಚರ್ ಹತ್ತಿರ ಕೇಳು.”

ಸಹೋದರಿಯರೇ, ಈ ಉತ್ತರವನ್ನು ಅಷ್ಟು ಬೇಗ ಕೊಡಬೇಡಿ. ಆ ಪಾಠಗಳಲ್ಲಿ ಬರುವ ಇಸ್ತ್ರಿಪೆಟ್ಟಿಗೆ, ಗೀಸರ್, ಫ್ಯೂಸ್, ಮೂರು ಪಿನ್ನಿನ ಪ್ಲಗ್ ಇವೆಲ್ಲ ಪ್ರತಿದಿನ ಯಾರ ಕೈಯಲ್ಲಿ ಓಡಾಡುತ್ತವೆ? ನಮ್ಮ ಕೈಯಲ್ಲಿ ತಾನೇ? ಪುಸ್ತಕದ ಭಾಷೆ ಬೇರೆ, ಅಷ್ಟೇ. ನಾನು ಬಿ.ಎ. ಓದಿದವಳು, ಭೌತಶಾಸ್ತ್ರ ನನ್ನ ವಿಷಯವಲ್ಲ. ಸಂಜೆ ಹೊತ್ತು ಮಕ್ಕಳನ್ನು ಓದಿಸಲು ಕುಳಿತು ನಾನೂ ಓದಿದೆ. ವೋಲ್ಟ್, ಆಂಪಿಯರ್, ಓಮ್ ಎಂಬ ಮೂರು ಪದಗಳ ಅರ್ಥ ಕೈಗೆ ಸಿಕ್ಕರೆ ಉಳಿದದ್ದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಈ ಮೂರು ಪದಗಳು ಅಂಕ ಗಳಿಸಲಿಕ್ಕೆ ಮಾತ್ರವಲ್ಲ, ಮನೆಯವರ ಜೀವ ಕಾಪಾಡಲಿಕ್ಕೂ ಬೇಕಾದವು.

ಟ್ಯಾಂಕು ಮತ್ತು ಪೈಪು

ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಟ್ಯಾಂಕು ಎತ್ತರದಲ್ಲಿದ್ದಷ್ಟೂ ಕೆಳಗಿನ ನಲ್ಲಿಯಲ್ಲಿ ನೀರಿನ ರಭಸ ಹೆಚ್ಚು. ನೀರನ್ನು ಹೀಗೆ ತಳ್ಳುವ ಒತ್ತಡದಂತೆಯೇ ವಿದ್ಯುತ್ತನ್ನು ತಳ್ಳುವ ಒತ್ತಡವೂ ಒಂದಿದೆ. ಅದಕ್ಕೆ ಪುಸ್ತಕ ‘ವಿಭವಾಂತರ’ ಎನ್ನುತ್ತದೆ, ವೋಲ್ಟ್‌ಗಳಲ್ಲಿ ಅಳೆಯುತ್ತದೆ. ಪೈಪಿನಲ್ಲಿ ಒಂದು ಸೆಕೆಂಡಿಗೆ ಎಷ್ಟು ನೀರು ಹರಿಯಿತು ಎಂಬುದರಂತೆ ತಂತಿಯಲ್ಲಿ ಎಷ್ಟು ವಿದ್ಯುತ್ ಹರಿಯಿತು ಎಂಬುದು ‘ಪ್ರವಾಹ’. ಅದರ ಅಳತೆ ಆಂಪಿಯರ್. ಪೈಪು ಕಿರಿದಾಗಿದ್ದರೆ, ಒಳಗೆ ಪಾಚಿ ಕಟ್ಟಿದ್ದರೆ ನೀರು ಸರಾಗವಾಗಿ ಹರಿಯುವುದಿಲ್ಲ. ತಂತಿಯಲ್ಲಿಯೂ ಇಂಥ ತಡೆ ಇದೆ. ಅದು ‘ರೋಧ’, ಅಳತೆ ಓಮ್.

ಜರ್ಮನಿಯ ಜಾರ್ಜ್ ಓಮ್ ಎಂಬ ಶಾಲಾ ಶಿಕ್ಷಕರು 1827ರಲ್ಲಿ ಪ್ರಕಟಿಸಿದ ನಿಯಮ ಇಷ್ಟೇ: ಒತ್ತಡ ಹೆಚ್ಚಿದಷ್ಟು ಪ್ರವಾಹ ಹೆಚ್ಚು, ತಡೆ ಹೆಚ್ಚಿದಷ್ಟು ಪ್ರವಾಹ ಕಡಿಮೆ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಪರೀಕ್ಷೆಯಲ್ಲಿ ಬರುವ ಲೆಕ್ಕಗಳಲ್ಲಿ ಬಹುಪಾಲು ಈ ಒಂದೇ ಸಾಲಿನ ಮೇಲೆ ನಿಂತಿವೆ.

ಆದರೆ ನೀರಿನ ಉದಾಹರಣೆಗೆ ಒಂದು ಮಿತಿಯಿದೆ, ಅದನ್ನು ಮಗಳಿಗೆ ಹೇಳಲೇಬೇಕು. ನಲ್ಲಿ ತೆರೆದರೆ ನೀರು ಹೊರಗೆ ಚೆಲ್ಲುತ್ತದೆ. ವಿದ್ಯುತ್ ಹೀಗೆ ಚೆಲ್ಲುವುದಿಲ್ಲ. ಹೊರಟಲ್ಲಿಗೆ ಮರಳಲು ಅದಕ್ಕೊಂದು ದಾರಿ ಬೇಕು. ದಾರಿ ತುಂಡಾದರೆ ಅದು ಹೊರಡುವುದೇ ಇಲ್ಲ. ಆದುದರಿಂದಲೇ ಪ್ರತಿಯೊಂದು ಬಲ್ಬಿಗೂ ಎರಡು ತಂತಿ. ಕರೆಂಟು ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗದಿರುವುದೂ ಇದೇ ಕಾರಣಕ್ಕೆ: ಎರಡು ಕಾಲೂ ಒಂದೇ ತಂತಿಯ ಮೇಲಿವೆ, ಅದರ ಮೈಯ ಮೂಲಕ ಮರಳಿ ಹೋಗುವ ದಾರಿ ಇಲ್ಲ. ನೆಲದ ಮೇಲೆ ನಿಂತ ಮನುಷ್ಯನ ಕಥೆ ಹಾಗಲ್ಲ. ಅವನ ಕೈಯಿಂದ ಕಾಲಿಗೆ, ಕಾಲಿನಿಂದ ಭೂಮಿಗೆ ದಾರಿ ತೆರೆದೇ ಇದೆ.

ಇನ್ನು ವ್ಯಾಟ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್ (ಪಠ್ಯಪುಸ್ತಕದಲ್ಲಿ 220 ಎಂದಿರುತ್ತದೆ, ಪರೀಕ್ಷೆಯಲ್ಲಿ ಪ್ರಶ್ನೆಯಲ್ಲಿ ಕೊಟ್ಟದ್ದನ್ನೇ ಬರೆಯಲಿ). 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಎಳೆದುಕೊಳ್ಳುವ ಪ್ರವಾಹ 1000 ಭಾಗಿಸು 230, ಅಂದರೆ ಸುಮಾರು 4.3 ಆಂಪಿಯರ್. 2000 ವ್ಯಾಟಿನ ಗೀಸರಿಗೆ 8.7. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಬರೀ 0.04. ಈ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಫ್ತಾರಿನ ಹೊತ್ತಿಗೆ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ನೋಡಿ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ 2000 ವ್ಯಾಟಿನ ಇಂಡಕ್ಷನ್ ಒಲೆ, 1500 ವ್ಯಾಟಿನ ಕೆಟಲ್, 500 ವ್ಯಾಟಿನ ಮಿಕ್ಸಿ. ಒಟ್ಟು 4000 ವ್ಯಾಟ್, ಅಂದರೆ 17 ಆಂಪಿಯರ್‌ಗಿಂತ ಹೆಚ್ಚು. ಬೋರ್ಡಿನ ವಯರಾದರೋ 6 ಆಂಪಿಯರ್‌ಗೆ ಮಾಡಿದ್ದು. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ಇಮ್ಮಡಿಯಲ್ಲ, ನಾಲ್ಕು ಪಟ್ಟು ಎಂಬುದು ಜೂಲ್ ನಿಯಮ. ಇಲ್ಲಿ ಪ್ರವಾಹ ಹತ್ತಿರ ಹತ್ತಿರ ಮೂರು ಪಟ್ಟು, ಶಾಖ ಎಂಟು ಪಟ್ಟು! ವಯರ್ ಬಿಸಿಯಾಗಿ, ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ, ಸುಟ್ಟ ವಾಸನೆ ಬರುವುದು ಹೀಗೆ. ಪುಸ್ತಕದಲ್ಲಿ ‘ಓವರ್‌ಲೋಡ್’ ಎಂಬ ಎರಡು ಅಂಕದ ಪ್ರಶ್ನೆ ಇರುವುದು ಇದರ ಬಗ್ಗೆಯೇ.

ಮಕ್ಕಳು ಎಡವುವ ಒಂದು ಜಾಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, 60 ವ್ಯಾಟಿನ ಹಳೆಯ ತಂತಿ ಬಲ್ಬು, ಇವೆರಡರಲ್ಲಿ ಯಾವುದರ ರೋಧ ಹೆಚ್ಚು? ಕೇಳಿ ನೋಡಿ, “ಇಸ್ತ್ರಿಪೆಟ್ಟಿಗೆ” ಎಂದು ಉತ್ತರ ಬರುತ್ತದೆ. ಅದು ತಪ್ಪು. ಹೆಚ್ಚು ಪ್ರವಾಹ ಬಿಡಬೇಕಾದರೆ ತಡೆ ಕಡಿಮೆ ಇರಬೇಕಲ್ಲವೇ? ಇಸ್ತ್ರಿಪೆಟ್ಟಿಗೆಯದು ಸುಮಾರು 53 ಓಮ್, ಉರಿಯುತ್ತಿರುವ ಬಲ್ಬಿನದು ಸುಮಾರು 880. ದೊಡ್ಡ ಪೈಪು, ಸಣ್ಣ ಪೈಪು ಎಂದು ಹೇಳಿದರೆ ತಕ್ಷಣ ಅರ್ಥವಾಗುತ್ತದೆ.

ಸರಣಿ ಜೋಡಣೆ, ಸಮಾಂತರ ಜೋಡಣೆಗಳಿಗೆ ಮದುವೆ ಮನೆಯೇ ಸಾಕು. ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಆ ಸಾಲೇ ಆರಿಹೋಗುತ್ತಿತ್ತು. ಒಂದರ ಹಿಂದೆ ಒಂದು ಪೋಣಿಸಿದ್ದೇ ಅದಕ್ಕೆ ಕಾರಣ, ಹೆಸರಿನಲ್ಲೇ ಸರಣಿ ಇದೆ. ಮನೆಯ ದೀಪಗಳು ಹಾಗಲ್ಲ. ಹಾಲಿನ ಬಲ್ಬು ಹೋದರೂ ಅಡುಗೆಮನೆಯದು ಉರಿಯುತ್ತದೆ, ಏಕೆಂದರೆ ಪ್ರತಿಯೊಂದಕ್ಕೂ ಸ್ವಂತ ದಾರಿಯಿದೆ, ಪ್ರತಿಯೊಂದಕ್ಕೂ ಪೂರ್ತಿ 230 ವೋಲ್ಟ್ ಸಿಗುತ್ತದೆ.

ಕರೆಂಟು ಬಿಲ್ಲಿನ ‘ಯೂನಿಟ್’ ಎಂದರೆ 1000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಖರ್ಚಾಗುವ ಶಕ್ತಿ, ಪುಸ್ತಕದ ಲೆಕ್ಕದಲ್ಲಿ 36 ಲಕ್ಷ ಜೂಲ್. 75 ವ್ಯಾಟಿನ ಫ್ಯಾನು ಹದಿಮೂರು ಗಂಟೆ ತಿರುಗಿ ತಿನ್ನುವುದನ್ನು 2000 ವ್ಯಾಟಿನ ಗೀಸರ್ ಅರ್ಧ ಗಂಟೆಯಲ್ಲಿ ತಿಂದು ಮುಗಿಸುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅನೇಕ ಮನೆಗಳಲ್ಲಿ ಬಿಲ್ಲನ್ನು ಬಿಡಿಸಿ ನೋಡುವ ಅಭ್ಯಾಸವೇ ತಪ್ಪಿದೆ. ಮೊತ್ತ ಸೊನ್ನೆ ಇದ್ದರೂ ಯೂನಿಟ್ ಅಲ್ಲಿ ನಮೂದಾಗಿರುತ್ತದೆ. ಆ ಚೀಟಿಯನ್ನು ಮಗಳ ಕೈಗೆ ಕೊಡಿ, ಲೆಕ್ಕ ಕಲಿಯಲು ಅದಕ್ಕಿಂತ ಒಳ್ಳೆಯ ಅಭ್ಯಾಸ ಪುಸ್ತಕ ಸಿಗಲಾರದು.

ಮೂರನೇ ತಂತಿ ಎಲ್ಲಿ?

ಇಡೀ ಲೇಖನದಲ್ಲಿ ಇದೊಂದನ್ನಾದರೂ ನಿಧಾನವಾಗಿ ಓದಿ ಎಂದು ಕೇಳಿಕೊಳ್ಳುತ್ತೇನೆ.

ಮನೆಯ ವೈರಿಂಗ್‌ನಲ್ಲಿ ಮೂರು ತಂತಿಗಳಿವೆ. ಕೆಂಪು ಬಣ್ಣದ್ದು ಸಜೀವ ತಂತಿ, ನಾವು ಫೇಸ್ ಎನ್ನುವುದು ಇದನ್ನೇ. ಕಪ್ಪು ತಟಸ್ಥ ತಂತಿ, ಅಂದರೆ ನ್ಯೂಟ್ರಲ್. ಹಸಿರು ಭೂಸಂಪರ್ಕ ತಂತಿ, ಅಂದರೆ ಅರ್ಥಿಂಗ್. ಹೊಸ ಉಪಕರಣಗಳ ವಯರಿನಲ್ಲಿ ಫೇಸ್ ಕಂದು, ನ್ಯೂಟ್ರಲ್ ನೀಲಿ, ಅರ್ಥ್ ಹಸಿರು-ಹಳದಿ ಪಟ್ಟೆಯದಾಗಿರುತ್ತದೆ. ಕೆಲಸ ಮಾಡುವುದು ಮೊದಲ ಎರಡು ಮಾತ್ರ. ಮೂರನೆಯದಿಲ್ಲದೆಯೂ ಫ್ರಿಜ್ ತಣ್ಣಗಾಗುತ್ತದೆ, ಗ್ರೈಂಡರ್ ತಿರುಗುತ್ತದೆ, ಬಟ್ಟೆ ಒಗೆದು ಮುಗಿಯುತ್ತದೆ. ಆದುದರಿಂದಲೇ ನಮ್ಮ ಜನ ಅದನ್ನು ಕಡೆಗಣಿಸುವುದು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ತೂತಿಗೆ ಹಿಂದಿನಿಂದ ತಂತಿಯೇ ಇರುವುದಿಲ್ಲ. ಕೆಲವರು ಪ್ಲಗ್ ಹೊಂದುವುದಿಲ್ಲವೆಂದು ದಪ್ಪ ಪಿನ್ನನ್ನೇ ಕತ್ತರಿಸುತ್ತಾರೆ. ಇದು ಶುದ್ಧ ಅವಿವೇಕ.

ಫ್ರಿಜ್ಜಿನ ಒಳಗೆ ಎಲ್ಲೋ ಫೇಸ್ ತಂತಿಯ ಹೊದಿಕೆ ಸವೆದು ಕಬ್ಬಿಣದ ಮೈಗೆ ತಾಗಿತು ಎಂದುಕೊಳ್ಳಿ. ಈಗ ಇಡೀ ಫ್ರಿಜ್ಜಿನ ಮೈ 230 ವೋಲ್ಟಿನಲ್ಲಿದೆ. ನೋಡಿದರೆ ತಿಳಿಯುವುದಿಲ್ಲ, ಫ್ರಿಜ್ ಎಂದಿನಂತೆ ಓಡುತ್ತಲೂ ಇರಬಹುದು. ನೀವು ನೆಲ ಒರೆಸಿ, ಬರಿಗಾಲಿನಲ್ಲಿ, ಒದ್ದೆ ಕೈಯಿಂದ ಬಾಗಿಲು ತೆರೆಯುತ್ತೀರಿ.

ಇಲ್ಲಿ ಓಮ್‌ನ ನಿಯಮವನ್ನು ಹಾಕಿ. ಒಣಗಿದ ಚರ್ಮದ ರೋಧ ಹಲವು ಸಾವಿರ ಓಮ್. ನೀರು ತಾಗಿದ ಮೈಯದು ಸುಮಾರು 1000 ಓಮ್‌ಗೆ ಇಳಿಯುತ್ತದೆ. 230 ಭಾಗಿಸು 1000, ಉತ್ತರ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಮನುಷ್ಯನ ಮೈ ಇದರಲ್ಲಿ ಎಷ್ಟನ್ನು ತಡೆದುಕೊಳ್ಳುತ್ತದೆ? ಒಂದು ಮಿಲಿ ಆಂಪಿಯರ್‌ಗೆ ಜುಮ್ಮೆನ್ನುತ್ತದೆ. ಹತ್ತರ ಸುತ್ತಮುತ್ತ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಕರೆಂಟು ಹಿಡಿದುಕೊಂಡಿತು ಎನ್ನುತ್ತೇವಲ್ಲ, ಹಿಡಿದುಕೊಂಡದ್ದು ನಮ್ಮದೇ ಕೈ. ಮೂವತ್ತು ದಾಟಿದರೆ ಉಸಿರಾಟಕ್ಕೆ ಅಪಾಯ, ನೂರರ ಹತ್ತಿರ ಹೃದಯದ ಬಡಿತವೇ ದಾರಿ ತಪ್ಪುತ್ತದೆ. ಆಗಲೇ ನೆನಪಿಟ್ಟುಕೊಳ್ಳಿ ಎಂದ ಸಂಖ್ಯೆ 0.04 ಆಂಪಿಯರ್, ಅಂದರೆ 40 ಮಿಲಿ ಆಂಪಿಯರ್. ಬಚ್ಚಲಿನ ಸಣ್ಣ ಎಲ್‌ಇಡಿ ಬಲ್ಬು ಉರಿಯಲು ಬೇಕಾಗುವಷ್ಟು ಪ್ರವಾಹ ಒಂದು ಜೀವ ತೆಗೆಯಲು ಸಾಕು.

“ನಮ್ಮ ಮನೆಯಲ್ಲಿ ಫ್ಯೂಸ್ ಇದೆ, ಎಂಸಿಬಿ ಇದೆ” ಎಂದು ಧೈರ್ಯದಿಂದಿರುವವರಿಗೆ ಒಂದು ಮಾತು. 6 ಆಂಪಿಯರ್ ದಾಟಿದರೆ ಬೀಳುವ ಎಂಸಿಬಿಗೆ ನಿಮ್ಮ ಮೈಯಲ್ಲಿ ಹರಿಯುವ 0.23 ಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದು ಇರುವುದು ವಯರನ್ನು ಸುಡದಂತೆ ಕಾಯಲು. ಮನುಷ್ಯನನ್ನು ಕಾಯುವುದು ಹಸಿರು ತಂತಿ. ಅದು ಫ್ರಿಜ್ಜಿನ ಮೈಯನ್ನು ನೇರವಾಗಿ ಭೂಮಿಗೆ ಜೋಡಿಸುತ್ತದೆ. ಫೇಸ್ ಮೈಗೆ ತಾಗಿದ ಕ್ಷಣವೇ ಈ ಸುಲಭದ ದಾರಿಯಲ್ಲಿ ಭಾರೀ ಪ್ರವಾಹ ನುಗ್ಗುತ್ತದೆ, ಫ್ಯೂಸ್ ಹಾರುತ್ತದೆ, ನೀವು ಬಾಗಿಲಿಗೆ ಕೈ ಹಾಕುವ ಮೊದಲೇ ಕರೆಂಟು ಹೋಗಿರುತ್ತದೆ. ಪ್ಲಗ್ಗಿನ ಮೂರನೇ ಪಿನ್ನು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ ಏಕೆಂದು ಮಗಳನ್ನು ಕೇಳಿ. ಚುಚ್ಚುವಾಗ ಅದು ಮೊದಲು ಸೇರಬೇಕು, ಕೀಳುವಾಗ ಕೊನೆಯಲ್ಲಿ ಬಿಡಬೇಕು. ಕರೆಂಟು ಬರುವ ಮೊದಲೇ ಕಾವಲು ನಿಂತಿರಬೇಕು, ಹೋದ ಮೇಲೆಯೇ ಸರಿಯಬೇಕು.

ಇದರ ಜೊತೆಗೆ ಆರ್‌ಸಿಸಿಬಿ ಎಂಬ ಸಾಧನವಿದೆ. ಫೇಸಿನಲ್ಲಿ ಹೋದಷ್ಟೇ ಪ್ರವಾಹ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ಸದಾ ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ಬೇರೆ ದಾರಿ ಹಿಡಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮೇನನ್ನು ಬೀಳಿಸುತ್ತದೆ. ಮೇಲೆ ‘ಟೆಸ್ಟ್’ ಎಂಬ ಸಣ್ಣ ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಬೇಕು, ಬೀಳದಿದ್ದರೆ ಬದಲಿಸಬೇಕು. ಮಗಳ ಮದುವೆಗೆ ಮನೆಗೆ ಬಣ್ಣ ಬಳಿಸುವವರು, ಗೇಟಿಗೆ ಕಮಾನು ಹಾಕಿಸುವವರು ಇದಕ್ಕೆ ಮಾತ್ರ ಮುಂದಿನ ವರ್ಷ ಎನ್ನುವುದು ನನಗೆ ಅರ್ಥವಾಗದ ಸಂಗತಿ.

ಎಲೆಕ್ಟ್ರಿಷಿಯನ್ ಮನೆಗೆ ಬಂದಾಗ ಎರಡು ಪ್ರಶ್ನೆ ಕೇಳಿ: ಪ್ರತಿ ಸಾಕೆಟ್ಟಿಗೂ ಅರ್ಥಿಂಗ್ ಬಂದಿದೆಯೇ, ಭೂಮಿಯಲ್ಲಿ ಅರ್ಥಿಂಗ್ ಗುಂಡಿ ಸರಿಯಾಗಿದೆಯೇ? ಇದ್ದಿಲು, ಉಪ್ಪು ಹಾಕಿದ ಆ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅದರ ರೋಧ ಏರುತ್ತದೆ, ನೀರು ಹೊಯ್ಯುವುದು ಅದಕ್ಕಾಗಿ. ಫ್ರಿಜ್ ಅಥವಾ ವಾಷಿಂಗ್ ಮೆಷಿನ್ ಮುಟ್ಟಿದಾಗ ಸ್ವಲ್ಪ ಜುಮ್ಮೆಂದರೂ “ಅದು ಯಾವಾಗಲೂ ಹಾಗೆ” ಎಂದು ಬಿಡಬೇಡಿ. ಸ್ವಿಚ್ ಆರಿಸಿ ರಿಪೇರಿ ಮಾಡಿಸಿ.

ಯಾರಿಗಾದರೂ ಕರೆಂಟು ಹಿಡಿದರೆ ಓಡಿಹೋಗಿ ಮುಟ್ಟುವುದೇ ತಾಯಿಯ ಸಹಜ ಪ್ರವೃತ್ತಿ. ಅದೇ ಅಪಾಯ, ಎರಡನೆಯ ಜೀವವೂ ಹೋಗುತ್ತದೆ. ಮೊದಲು ಮೇನ್ ಸ್ವಿಚ್ ಆರಿಸಿ. ಆಗದಿದ್ದರೆ ಒಣಗಿದ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ದೂರ ತಳ್ಳಿ. ಉಸಿರಾಟವಿಲ್ಲದಿದ್ದರೆ ಎದೆ ಒತ್ತುವುದನ್ನು ಆರಂಭಿಸಿ 108ಕ್ಕೆ ಕರೆ ಮಾಡಿಸಿ. ಎದ್ದು ಕುಳಿತು ಏನೂ ಆಗಿಲ್ಲವೆಂದರೂ ಆಸ್ಪತ್ರೆಗೆ ತೋರಿಸಿ. ಮಳೆಗಾಲದಲ್ಲಿ ಅಂಗಳದಲ್ಲಿ ತುಂಡಾಗಿ ಬಿದ್ದ ತಂತಿಯ ಹತ್ತಿರ ಮಕ್ಕಳನ್ನು ಬಿಡದೆ 1912ಕ್ಕೆ ತಿಳಿಸಿ. ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಬೇಡ, ನೈಲಾನ್ ಹಗ್ಗ ಸಾಕು.

ಕಿಬ್ಲಾ ಡಬ್ಬಿಯ ಮುಳ್ಳು

ಇನ್ನು ಕಾಂತತ್ವ. ಹಜ್ಜಿಗೆ ಹೋಗಿ ಬಂದವರು ತಂದುಕೊಟ್ಟ ಕಿಬ್ಲಾ ತೋರಿಸುವ ಸಣ್ಣ ಡಬ್ಬಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಒಳಗಿನ ಮುಳ್ಳಿಗೆ ಮಕ್ಕಾ ಗೊತ್ತಿಲ್ಲ, ಗೊತ್ತಿರುವುದು ಉತ್ತರ ದಿಕ್ಕು ಮಾತ್ರ. ಭೂಮಿಯೇ ಒಂದು ದೊಡ್ಡ ಆಯಸ್ಕಾಂತದಂತೆ ಮುಳ್ಳನ್ನು ಎಳೆಯುತ್ತದೆ, ಉತ್ತರದಿಂದ ಎಷ್ಟು ತಿರುಗಬೇಕೆಂಬುದನ್ನು ನಾವು ಲೆಕ್ಕ ಹಾಕಿಕೊಳ್ಳುತ್ತೇವೆ. ಮಂಗಳೂರು, ಬೆಂಗಳೂರುಗಳಿಂದ ಕಿಬ್ಲಾ ನೇರ ಪಶ್ಚಿಮವಲ್ಲ, ಅದಕ್ಕಿಂತ ಸುಮಾರು 19 ಡಿಗ್ರಿ ಉತ್ತರಕ್ಕಿದೆ. ಕಬ್ಬಿಣದ ಕಪಾಟು, ಫ್ರಿಜ್, ಮೊಬೈಲ್ ಇವುಗಳ ಹತ್ತಿರ ಇಟ್ಟು ನೋಡಿದರೆ ಮುಳ್ಳು ತಪ್ಪು ಹೇಳುತ್ತದೆ. ಮೊಬೈಲಿನ ಕಿಬ್ಲಾ ಆ್ಯಪ್ ಕೂಡಾ ಒಳಗಿನ ಕಾಂತ ಸಂವೇದಕವನ್ನೇ ನಂಬಿದೆ, ಅದಕ್ಕೂ ಇದೇ ಮಾತು.

ಈ ಡಬ್ಬಿಯಿಂದ ಪುಸ್ತಕದ ಮುಖ್ಯ ಪ್ರಯೋಗವನ್ನು ಮನೆಯಲ್ಲೇ ಮಾಡಬಹುದು. ಮರದ ಮೇಜಿನ ಮೇಲೆ ಡಬ್ಬಿಯನ್ನಿಟ್ಟು ಮುಳ್ಳು ನಿಲ್ಲುವವರೆಗೆ ಕಾಯಿರಿ. ಅದರ ಮೇಲೆ, ಮುಳ್ಳಿನ ಉದ್ದಕ್ಕೇ, ಒಂದು ವಯರನ್ನು ಹಿಡಿಯಿರಿ. ಅಡ್ಡ ಹಿಡಿದರೆ ಫಲ ಕಾಣುವುದಿಲ್ಲ. ವಯರಿನ ಎರಡು ತುದಿಗಳನ್ನು ಒಂದು ಟಾರ್ಚ್ ಸೆಲ್ಲಿಗೆ ಎರಡು ಸೆಕೆಂಡು ಮಾತ್ರ ತಾಗಿಸಿ. ಹೆಚ್ಚು ಹೊತ್ತು ಹಿಡಿದರೆ ಸೆಲ್ಲು, ವಯರು ಎರಡೂ ಬಿಸಿಯಾಗುತ್ತವೆ. ಮುಳ್ಳು ಪಕ್ಕಕ್ಕೆ ತಿರುಗುತ್ತದೆ. ಸೆಲ್ಲನ್ನು ತಿರುಗಿಸಿ ಹಿಡಿದರೆ ಮುಳ್ಳು ಇನ್ನೊಂದು ಕಡೆಗೆ. ಈ ಪ್ರಯೋಗಕ್ಕೆ ಗೋಡೆಯ ಸಾಕೆಟ್ಟಿನ ಕರೆಂಟನ್ನು ಎಂದೆಂದಿಗೂ ಬಳಸಕೂಡದು, ಇದನ್ನು ಮಕ್ಕಳಿಗೆ ಎರಡು ಸಲ ಹೇಳಿ.

1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಕಂಡದ್ದು ಇದನ್ನೇ. ಅಲ್ಲಿಯವರೆಗೆ ವಿದ್ಯುತ್ ಬೇರೆ, ಆಯಸ್ಕಾಂತ ಬೇರೆ ಎಂದು ಭಾವಿಸಲಾಗಿತ್ತು. ಪ್ರವಾಹ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ ಎಂದು ಆ ಮುಳ್ಳು ಹೇಳಿತು. ಹಾಗಾದರೆ ಆಯಸ್ಕಾಂತದಿಂದ ವಿದ್ಯುತ್ ಹುಟ್ಟಬಾರದೇಕೆ? ಈ ಪ್ರಶ್ನೆಗೆ 1831ರಲ್ಲಿ ಉತ್ತರ ಕಂಡುಕೊಂಡವರು ಲಂಡನ್ನಿನ ಮೈಕೆಲ್ ಫ್ಯಾರಡೆ. ತಂತಿಯ ಸುರುಳಿಯೊಳಗೆ ಆಯಸ್ಕಾಂತವನ್ನು ಸುಮ್ಮನೆ ಇಟ್ಟರೆ ಏನೂ ಆಗುವುದಿಲ್ಲ. ಅದನ್ನು ಚಲಿಸಿದರೆ ಮಾತ್ರ ಸುರುಳಿಯಲ್ಲಿ ಪ್ರವಾಹ ಹುಟ್ಟುತ್ತದೆ.

ಫ್ಯಾರಡೆ ಕಮ್ಮಾರನ ಮಗ. ಶಾಲೆ ಬಿಟ್ಟು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರು. ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತಿದ್ದರು. ಅವರಿಗೆ ವಿಜ್ಞಾನದ ದಾರಿ ತೋರಿಸಿದ ಪುಸ್ತಕಗಳಲ್ಲಿ ಒಂದು, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಸಂಭಾಷಣೆಗಳು. ಒಬ್ಬ ಶಿಕ್ಷಕಿ ಇಬ್ಬರು ಹುಡುಗಿಯರ ಜೊತೆ ಮಾತನಾಡುತ್ತಾ ವಿಜ್ಞಾನ ಹೇಳಿಕೊಡುವ ಪುಸ್ತಕ ಅದು, ವಿಶೇಷವಾಗಿ ಹೆಣ್ಣುಮಕ್ಕಳಿಗೆಂದೇ ಬರೆದದ್ದು. ಮೊದಲ ಮುದ್ರಣಗಳಲ್ಲಿ ಲೇಖಕಿಯ ಹೆಸರೂ ಇರಲಿಲ್ಲ. ಹುಡುಗಿಯರಿಗೆ ವಿಜ್ಞಾನ ಏಕೆ ಎನ್ನುವವರು ಇದನ್ನು ಸ್ವಲ್ಪ ಯೋಚಿಸಲಿ.

2022ರಲ್ಲಿ ಎನ್‌ಸಿಇಆರ್‌ಟಿ ಪಾಠಗಳ ಹೊರೆ ಇಳಿಸುವಾಗ ಹತ್ತನೆಯ ತರಗತಿಯ ತನ್ನ ಪುಸ್ತಕದಿಂದ ವಿದ್ಯುತ್ ಮೋಟಾರು, ವಿದ್ಯುತ್ಕಾಂತೀಯ ಪ್ರೇರಣೆ, ಜನರೇಟರ್ ಈ ಭಾಗಗಳನ್ನು ಕೈಬಿಟ್ಟಿತು. ಹೊರೆ ಇಳಿಯಿತು ನಿಜ, ಆದರೆ ಕಥೆಯ ಅರ್ಧವೇ ಹೋಯಿತು ಎಂಬುದು ನನ್ನ ಅನಿಸಿಕೆ. ಓರ್ಸ್ಟೆಡ್ ಕಂಡದ್ದನ್ನು ಓದಿ ಫ್ಯಾರಡೆಯ ಉತ್ತರ ಕೇಳದೆ ಬಿಡುವುದು ಹೇಗೆ? ಪರೀಕ್ಷೆಗೆ ಬಾರದಿದ್ದರೂ ಮನೆಯಲ್ಲಿ ಹೇಳಿ. ಪ್ರವಾಹ ಹರಿಯುವ ಸುರುಳಿ ಕಾಂತಕ್ಷೇತ್ರದಲ್ಲಿ ತಿರುಗಿದರೆ ಅದು ಮೋಟಾರು: ಮಿಕ್ಸಿ, ಫ್ಯಾನು, ಬಾವಿಯ ಪಂಪ್. ನೀರಿನ ಬಲದಿಂದ ಆಯಸ್ಕಾಂತವನ್ನು ಸುರುಳಿಗಳ ನಡುವೆ ತಿರುಗಿಸಿದರೆ ಅದು ಜನರೇಟರ್. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದದ್ದು ಇದೇ. ಅಲ್ಲಿಂದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿ ದೀಪಗಳು ಉರಿದದ್ದು 1905ರಲ್ಲಿ. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಹಬೆಯಿಂದ ತಿರುಗಿಸುತ್ತಾರೆ, ಗಾಳಿಯಂತ್ರದಲ್ಲಿ ಗಾಳಿ ತಿರುಗಿಸುತ್ತದೆ. ತಾರಸಿಯ ಸೋಲಾರ್ ಫಲಕದಲ್ಲಿ ಮಾತ್ರ ತಿರುಗುವುದು ಏನೂ ಇಲ್ಲ, ಬೆಳಕೇ ನೇರವಾಗಿ ವಿದ್ಯುತ್ತಾಗುತ್ತದೆ.

ಫ್ಯಾರಡೆಯ ನಿಯಮವನ್ನು ಕಣ್ಣಾರೆ ಕಾಣಲು ಇಂಡಕ್ಷನ್ ಒಲೆ ಇದೆ. ಗಾಜಿನ ಕೆಳಗೆ ತಾಮ್ರದ ಸುರುಳಿ, ಅದರಲ್ಲಿ ಅತಿ ವೇಗವಾಗಿ ದಿಕ್ಕು ಬದಲಿಸುವ ಪ್ರವಾಹ. ಅದರಿಂದ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲೇ ಪ್ರವಾಹ ಹುಟ್ಟಿಸುತ್ತದೆ, ತಳ ತನ್ನ ರೋಧದಿಂದ ಬಿಸಿಯಾಗುತ್ತದೆ. ಬೆಂಕಿಯಿಲ್ಲ, ಕಾಯುವ ತಂತಿಯೂ ಇಲ್ಲ. ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಸಾಮಾನ್ಯ ಇಂಡಕ್ಷನ್ ಒಲೆ ಕೂಗಿ ಆರಿಹೋಗುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತದ ಬಿಲ್ಲೆಯೊಂದನ್ನು ಮಗಳ ಕೈಗೆ ಕೊಟ್ಟು ಅಡುಗೆಮನೆಯ ಪಾತ್ರೆಗಳ ತಳಕ್ಕೆಲ್ಲ ಹಿಡಿದು ನೋಡಲು ಹೇಳಿ. ಗಟ್ಟಿಯಾಗಿ ಅಂಟಿದವು ಒಲೆಗೆ ಆಗುತ್ತವೆ. ಸ್ಟೀಲ್ ಪಾತ್ರೆಗಳಲ್ಲಿ ಕೆಲವಕ್ಕೆ ಅಂಟುತ್ತದೆ, ಕೆಲವಕ್ಕೆ ಅಂಟುವುದಿಲ್ಲ. ಯಾಕೆ ಎಂದು ಅವಳು ಕೇಳುತ್ತಾಳೆ. ಸ್ಟೀಲಿನಲ್ಲಿಯೂ ಜಾತಿಗಳಿವೆ, ನಿಕ್ಕಲ್ ಹೆಚ್ಚು ಬೆರೆಸಿದ್ದಕ್ಕೆ ಆಯಸ್ಕಾಂತ ಅಂಟುವುದಿಲ್ಲ ಎಂದು ಹೇಳಿ.